ಮೋಟು ಕೋವಿಯ ನಳಿಗೆಗೆ ಮದುಮಗಳ ತಾಯಿಯ ಅಹವಾಲು

ಇವರಿಗೆ,
ಶ್ರೀಮಾನ್ ನಳಿಗೆಯವರು,
ಉದ್ದ: ಸದ್ಯಕ್ಕೆ ಹನ್ನೊಂದೂವರೆ ಇಂಚು,
ಮೊಕ್ಕಾಂ: ಸಮಿತಿಯವರ ಮೇಜು, ದುಬೈ ಸಿಲಿಕಾನ್ ಓಯಸಿಸ್.

ಮಾನ್ಯರೇ,

ತಮಗೆ ಅನಂತ ವಂದನೆಗಳು. ದೊಡ್ಡವರ ಎದುರಿಗೆ ನಿಂತು ಕೈಮುಗಿಯುವುದು ಕ್ರಮವೆಂದು ಬಲ್ಲೆ. ಆದರೆ ತಮ್ಮ ಎದುರಿಗೆ ನಿಲ್ಲುವುದು ಯಾರ ಆರೋಗ್ಯಕ್ಕೂ ಒಳ್ಳೆಯದಲ್ಲವಾದ್ದರಿಂದ ತುಸು ಬದಿಗೆ ಸರಿದು, ನನ್ನ ಹೊಲಿಗೆ ಯಂತ್ರದ ಮರೆಯಲ್ಲಿ ಕುಳಿತು ಈ ಪತ್ರ ಬರೆಯುತ್ತಿದ್ದೇನೆ, ಮನ್ನಿಸಬೇಕು. ತಾವು ಕ್ಷೇಮವೇ? ಉದ್ದದಲ್ಲಿ ಏನಾದರೂ ವ್ಯತ್ಯಾಸವಾಯಿತೇ? ತಮ್ಮಂಥವರಲ್ಲಿ ಮೊದಲು ಉದ್ದ ವಿಚಾರಿಸಿ ಆಮೇಲೆ ಕ್ಷೇಮ ವಿಚಾರಿಸಬೇಕೆಂಬ ಪಾಠವನ್ನು ಈ 2017ರ ಫೆಬ್ರವರಿ ತಿಂಗಳು ನನಗೆ ಚೆನ್ನಾಗಿ ಕಲಿಸಿದೆ.

ನನ್ನ ಹೆಸರು ತೆರೆಸಾ. ಹುಟ್ಟೂರು ಕಿನ್ನಿಗೋಳಿ. ದುಬೈಯ ರಾಸ್ ಅಲ್ ಖೋರಿನಲ್ಲಿ ಎಡಕ್ಕೆ ಕಾರುಗಳ ಹೊಟ್ಟೆ ಬಗೆಯುವ ಗ್ಯಾರೇಜು, ಬಲಕ್ಕೆ ಹಳೆ ಟೈರುಗಳ ಗೋದಾಮು, ಇವೆರಡರ ನಡುವೆ ಉಸಿರು ಹಿಡಿದು ನಿಂತಿರುವ ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೇನೆ. ಶಾಲೆ ಮಕ್ಕಳ ಯೂನಿಫಾರ್ಮು, ಡಾಕ್ಟರುಗಳ ಬಿಳಿ ಕೋಟು, ಹೋಟೆಲು ಬಾಣಸಿಗರ ಏಪ್ರನ್ನು, ಇವೆಲ್ಲ ನನ್ನ ಕತ್ತರಿಯ ಕೆಳಗಿನಿಂದ ಹೋದವು. ದಪ್ಪಗಿನವರಿಗೂ ಕತ್ತರಿಸಿದ್ದೇನೆ, ಕಡ್ಡಿಯಂಥವರಿಗೂ ಕತ್ತರಿಸಿದ್ದೇನೆ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಮೋಸ ಮಾಡಿದವರನ್ನೂ ನಿಭಾಯಿಸಿದ್ದೇನೆ. ಆದರೆ ಬಟ್ಟೆ ಕತ್ತರಿಸಿ ಮುಗಿಸಿದ ಮೇಲೆ ತಾನೇ ಉದ್ದವಾಗಿ, ಗಿಡ್ಡವಾಗಿ, ಮತ್ತೆ ಉದ್ದವಾಗಿ ಬಂದ ಗಿರಾಕಿ ಎಂದರೆ ತಾವೊಬ್ಬರೇ. ಈ ಗೌರವ ತಮಗೇ ಸಲ್ಲಬೇಕು.

ತಮ್ಮಂಥ ಉಕ್ಕಿನ ಕೊಳವೆಗೆ ಪತ್ರ ಬರೆಯಲು ಈ ಹೆಂಗಸಿಗೇನು ಹುಚ್ಚೇ ಎಂದು ಓದುಗರು ಕೇಳಬಹುದು. ಬೈಯಬೇಕಾದವರ ಪಟ್ಟಿಯನ್ನು ನಾನು ಬಹಳ ಯೋಚಿಸಿ ನೋಡಿದೆ. ನಮ್ಮ ಧಣಿ ಭಟ್ಕಳದ ಅಬ್ದುಲ್ ಅಲೀಮ್ ಸಾಹೇಬರು ದೇವರಂಥವರು, ಅವರನ್ನು ಬೈದರೆ ನಾಲಿಗೆಗೆ ಹುಳ ಬೀಳುತ್ತದೆ. ಗಿರಾಕಿ ಕಂಪನಿಯವರನ್ನು ಬೈದರೆ ಕೆಲಸ ಹೋಗುತ್ತದೆ. ಆ ಕಂಪನಿಯಿಂದ ತಮ್ಮ ಉದ್ದವನ್ನು ಹೊತ್ತು ತರುತ್ತಿದ್ದ ರಯಾನ್ ಎಂಬ ತರುಣನನ್ನು ಬೈಯೋಣವೆಂದರೆ, ಅವನೇ ಆಗ ನನ್ನ ಭಾವಿ ಅಳಿಯ. ಅಳಿಯನನ್ನು ಮದುವೆಗೆ ಮೊದಲೇ ಬೈಯುವ ಧೈರ್ಯ ಯಾವ ಮದುಮಗಳ ತಾಯಿಗಿದೆ, ತಾವೇ ಹೇಳಿ. ಹೀಗೆ ಎಲ್ಲರನ್ನೂ ಹೊಡೆದುಹಾಕುತ್ತ ಬಂದಾಗ ಕೊನೆಗೆ ಉಳಿದವರು ತಾವು. ರಯಾನ್ ಈ ಪತ್ರ ಓದಿಬಿಟ್ಟರೆ ಎಂಬ ಹೆದರಿಕೆಯೂ ನನಗಿಲ್ಲ. ಅಬುಧಾಬಿಯಲ್ಲೇ ಹುಟ್ಟಿ ಬೆಳೆದ ಅವನು ಕೊಂಕಣಿ ಮಾತಾಡುತ್ತಾನೆ, ಕನ್ನಡವನ್ನೂ ಮುಗ್ಗರಿಸುತ್ತ ಮಾತಾಡುತ್ತಾನೆ, ಆದರೆ ಕನ್ನಡದ ಅಕ್ಷರ ಕಂಡರೆ ಜಿಲೇಬಿ ಕಂಡವನಂತೆ ನಗುತ್ತಾನೆ.

ವಿಷಯಕ್ಕೆ ಬರುತ್ತೇನೆ. ಫೆಬ್ರವರಿಯ ಕೊನೆಯ ಶುಕ್ರವಾರ ನನ್ನ ಒಬ್ಬಳೇ ಮಗಳು ಮೆಲಿಸ್ಸಾಳ ಮದುವೆ. ಅದರ ಮುಂದಿನ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸುಕಾಲಕ್ಕೆ ಕಾಲಿಟ್ಟರೆ, ಈಸ್ಟರ್ ಹಬ್ಬ ಮುಗಿಯುವ ತನಕ ನಮ್ಮಲ್ಲಿ ಮದುವೆಯ ಮಾತಿಲ್ಲ. ಆದ್ದರಿಂದ ದಿನ ಮುಂದೂಡುವಂತೆಯೇ ಇರಲಿಲ್ಲ. ಅವಳ ಮದುವೆಯ ಬಿಳಿ ಗೌನನ್ನು ನಾನೇ ಹೊಲಿಯಬೇಕೆಂಬುದು, ಅವಳು ಎರಡು ಜಡೆ ಹಾಕಿಕೊಂಡು ಪ್ರಥಮ ಪರಮಪ್ರಸಾದಕ್ಕೆ ಹೊರಟ ದಿನದಿಂದ ನಾನು ಸಾಕಿಕೊಂಡು ಬಂದ ಆಸೆ. ಅರ್ಧ ದುಬೈಯ ಮಕ್ಕಳಿಗೆ ಹೊಲಿದವಳು ಸ್ವಂತ ಮಗಳಿಗೆ ಗೌನನ್ನು ಅಂಗಡಿಯಿಂದ ಬಾಡಿಗೆಗೆ ತಂದಳಂತೆ ಎಂದು ಯಾರಾದರೂ ಹೇಳಿದ್ದರೆ ನಾನು ಇಗರ್ಜಿಯ ಬಾಗಿಲಲ್ಲೇ ನೆಲಕ್ಕಿಳಿದು ಹೋಗುತ್ತಿದ್ದೆ. ಅದಕ್ಕಾಗಿ ನಾಯ್ಫ್ ಕಡೆಯ ಬಟ್ಟೆ ಅಂಗಡಿಗಳನ್ನು ಕಾಲು ಸವೆಯುವಷ್ಟು ಸುತ್ತಿ, ಹಾಲಿನ ಕೆನೆಯ ಬಣ್ಣದ ಒಂದು ಸ್ಯಾಟಿನ್ ಆರಿಸಿದ್ದೆ. ಮುಟ್ಟಿದರೆ ಕೈ ಜಾರಬೇಕು, ಅಂಥ ಬಟ್ಟೆ.

ಅದೇ ಸಮಯಕ್ಕೆ ತಮ್ಮ ಶುಭಾಗಮನವಾಯಿತು. ಅಬುಧಾಬಿಯ ಆಯುಧ ಪ್ರದರ್ಶನದಲ್ಲಿ ತಮ್ಮ ಕಂಪನಿಯವರು ಒಂದು ಮೋಟು ಕೋವಿಯನ್ನು ಲೋಕಕ್ಕೆ ತೋರಿಸುವವರಿದ್ದರು. ದೊಡ್ಡ ಗಿರಾಕಿಗಳ ಮುಂದೆ ತೆರೆದಿಡಲು ಇಪ್ಪತ್ತು ಮರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಕೋವಿಯ ಆಕಾರಕ್ಕೆ ಕೊರೆದ ಫೋಮಿನ ಹಾಸಿಗೆ, ಹಾಸಿಗೆಯ ಮೇಲೆ ಬಿಳಿ ಸ್ಯಾಟಿನ್ ಬೇಕಿತ್ತು. ಅಲೀಮ್ ಸಾಹೇಬರಿಗೆ ಜನ್ಮದಲ್ಲಿ 'ಇಲ್ಲ' ಎಂದು ಹೇಳಿ ಗೊತ್ತಿಲ್ಲ. "ಬಾಯಮ್ಮ, ದೊಡ್ಡ ಪಾರ್ಟಿ. ಮಗುವಿನ ತೊಟ್ಟಿಲು ಅಂತ ತಿಳ್ಕೊಳ್ಳಿ, ಮಾಡಿ ಕೊಡುವ" ಎಂದು ಒಪ್ಪಿಕೊಂಡು ಬಂದರು. ಯಾವ ಸ್ಯಾಟಿನ್ ತರಿಸಲಿ ಎಂದು ನನ್ನನ್ನೇ ಕೇಳಿದಾಗ, ಮಗಳಿಗೆ ಆರಿಸಿದ್ದಕ್ಕಿಂತ ಒಳ್ಳೆಯದು ಈ ಊರಿನಲ್ಲಿ ಇಲ್ಲವೆಂಬ ಜಂಬದಿಂದ ಅದೇ ಅಂಗಡಿಯ ಅದೇ ಬಟ್ಟೆಯನ್ನು ಹೇಳಿಬಿಟ್ಟೆ. ಪೆಟ್ಟಿಗೆಗೆಂದು ಒಂದು ರೋಲು ಬಂತು, ಗೌನಿಗೆಂದು ನಾನು ಕೊಂಡ ರೋಲು ಬೇರೆ ಇತ್ತು. ಅಂಗಡಿಯಲ್ಲಿ ಆ ಲಾಟ್ ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಕುಳಿತಾಗ ಗೊತ್ತಾಯಿತು, ಕೋವಿಯ ಉಳಿದೆಲ್ಲ ಅಂಗಾಂಗಗಳೂ ನಿಶ್ಚಯವಾಗಿವೆ, ನಳಿಗೆಯೊಂದು ಮಾತ್ರ ಇನ್ನೂ ಆಲೋಚನೆಯಲ್ಲಿದೆ ಎಂದು. ಕಂಪನಿಯಲ್ಲಿ ತಮ್ಮ ಉದ್ದ ನಿರ್ಧರಿಸಲೆಂದೇ ಮೂವರು ದೊಡ್ಡ ಮನುಷ್ಯರ ಸಮಿತಿಯಿತ್ತು. ನನ್ನ ಮಗಳಿಗೆ ಗಂಡು ಗೊತ್ತು ಮಾಡಲು ನಾವು ಒಂದು ಮಧ್ಯಾಹ್ನದ ಊಟದಷ್ಟು ಹೊತ್ತು ತೆಗೆದುಕೊಂಡೆವು. ತಮಗೆ ಉದ್ದ ಗೊತ್ತು ಮಾಡಲು ಆ ಮೂವರು ಎಷ್ಟು ಊಟ ಮುಗಿಸಿದರೆಂದು ಲೆಕ್ಕವಿಟ್ಟವರಿಲ್ಲ.

ಮೊದಲನೆಯವರು ಸೈನ್ಯದಿಂದ ನಿವೃತ್ತರಾದ ಬ್ರಿಟಿಷ್ ಸಾಹೇಬರು. ಕಾರಿನಿಂದ ಇಳಿಯುವಾಗ ಬಾಗಿಲಿಗೆ ತಾಗಬಾರದು, ಆದ್ದರಿಂದ ನಳಿಗೆ ಏಳೂವರೆ ಇಂಚು ಸಾಕು ಎಂಬುದು ಅವರ ಅಭಿಪ್ರಾಯ. ರಯಾನ್ ಬಂದು "ಆಂಟಿ, ಸೆವೆನ್ ಅಂಡ್ ಹಾಫ್, ಫೈನಲ್. ಖಲಾಸ್" ಎಂದ. ನಾವು ಹೊರಗೆ ಕಾಣುವ ಕೊಳವೆ ಏಳೂವರೆ ಇಂಚು ಎಂದು ತಿಳಿದು ಹಾಸಿಗೆ ಕೊರೆದೆವು. ಆಮೇಲೆ ನೋಡಿದರೆ ತಮ್ಮ ಉದ್ದವನ್ನು ಹೊರಗಿನಿಂದ ಅಳೆಯುವುದೇ ಅಲ್ಲವಂತೆ. ಕೋವಿಯ ಹೊಟ್ಟೆಯೊಳಗೆ, ಗುಂಡು ಕೂರುವ ಮನೆಯ ಹಿಂಭಾಗದಿಂದ ಅಳೆದುಕೊಂಡು ಬರಬೇಕಂತೆ. ಹೆಂಗಸರು ವಯಸ್ಸು ಮರೆಮಾಚುವಂತೆ ತಾವು ಒಂದಷ್ಟು ಉದ್ದವನ್ನು ಒಳಗೇ ಇಟ್ಟುಕೊಂಡಿರುತ್ತೀರೆಂದು ಪಾಪ, ಶಾಲೆಯ ಯೂನಿಫಾರ್ಮು ಹೊಲಿಯುವವರಿಗೆ ಹೇಗೆ ಗೊತ್ತಾಗಬೇಕು? ಮಾದರಿಗೆಂದು ಕಳಿಸಿದ ಪ್ಲಾಸ್ಟಿಕ್ ಕೋವಿಯನ್ನು ಮಲಗಿಸಿದಾಗ ಅದು ಆ ಕಡೆ ಈ ಕಡೆ ಹೊರಳಾಡಿತು. ಇಪ್ಪತ್ತು ಹಾಸಿಗೆಗಳನ್ನೂ ಕಿತ್ತು ಮತ್ತೆ ಮಾಡಿದೆವು.

ಮಾಡಿ ಮುಗಿಸುವಷ್ಟರಲ್ಲಿ ಎರಡನೆಯವರು ಬಾಯಿ ತೆರೆದರು. ಅವರು ಎಂಜಿನಿಯರು, ಗುಂಡಿನ ವೇಗದ ಲೆಕ್ಕ ಹಾಕುವವರು. ಏಳೂವರೆ ಇಂಚಿನಲ್ಲಿ ಮದ್ದು ಉರಿದು ಮುಗಿಯುವ ಮೊದಲೇ ಗುಂಡು ಹೊರಗೆ ಬಿದ್ದಿರುತ್ತದೆ, ಉಳಿದ ಮದ್ದು ತುದಿಯಲ್ಲಿ ಭಗ್ಗೆಂದು ಉರಿಯುತ್ತದೆ, ಹೊಡೆದವನ ಕಿವಿಯೇ ಮೊದಲು ಹೋಗುತ್ತದೆ, ಆದ್ದರಿಂದ ಹತ್ತೂವರೆಗಿಂತ ಕಡಿಮೆ ಬೇಡ ಎಂದು ಅವರ ವಾದ. ಸರಿ, ಮತ್ತೊಮ್ಮೆ ಖಲಾಸ್, ಮತ್ತೊಮ್ಮೆ ಕತ್ತರಿ. ಅಷ್ಟು ಹೊತ್ತಿಗೆ ಮಾರಾಟದ ಮುಖ್ಯಸ್ಥರು ಎದ್ದರು. ಪ್ರದರ್ಶನದ ದೊಡ್ಡ ಬ್ಯಾನರಿನಲ್ಲಿ ತಮ್ಮ ಚಿತ್ರ ನೋಡಿದರೆ ಬಾಲ ಕಡಿದ ಹಲ್ಲಿಯ ಹಾಗೆ ಕಾಣುತ್ತದೆ, ಇದನ್ನು ಯಾರು ಕೊಳ್ಳುತ್ತಾರೆ, ಹದಿನಾಲ್ಕೂವರೆ ಇಂಚಾದರೂ ಇರಲಿ ಎಂದು ಅವರು ಮೇಜು ಕುಟ್ಟಿದರಂತೆ. ಮೇಜು ಕುಟ್ಟಿದವರ ಮಾತೇ ನಡೆಯಿತು. ಇತ್ತ ಪೆಟ್ಟಿಗೆಯ ಸ್ಯಾಟಿನ್ ಚೂರುಚೂರಾಗಿ ಖಾಲಿಯಾಯಿತು.

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕಾಗಿದೆ. ಮದುವೆಯ ದಿನ ಇಗರ್ಜಿಯಲ್ಲಿ ನೋಡುವ ತನಕ ಮದುಮಗ ಮದುಮಗಳ ಗೌನನ್ನು ಕಣ್ಣಿನಿಂದ ಕಾಣಕೂಡದು. ರಯಾನ್‌ನ ತಾಯಿ ಬೆನೆಡಿಕ್ಟಾ ಬಾಯಿ ಅಬುಧಾಬಿಯ ಬನಿಯಾಸಿನಲ್ಲಿದ್ದಾರೆ, ಇಂಥ ವಿಷಯದಲ್ಲಿ ಬಹಳ ಕಟ್ಟುನಿಟ್ಟು. "ತೆರೆಸಾ ಬಾಯಿ, ಅವ ದಿನಾ ನಿಮ್ಮಲ್ಲಿಗೆ ಬರ್ತಾನಲ್ಲ, ಗೌನು ಕಾಣ್ಲಿಕ್ಕೆ ಬಿಡ್ಬೇಡಿ ಆಯ್ತಾ? ಬಟ್ಟೆ ಕೂಡ ಬೇಡ" ಎಂದು ಫೋನಿನಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದರು. ಆದ್ದರಿಂದ ತಮ್ಮ ಉದ್ದ ಹೊತ್ತುಕೊಂಡು ಅವನ ಕಾರು ಬಂತೆಂದರೆ ಸಾಕು, ನಾನು ಹಾರಿಬಿದ್ದು, ಕತ್ತರಿಸಿಟ್ಟ ಗೌನಿನ ಮೇಲ್ಭಾಗವನ್ನು ಡ್ರಾಯರಿಗೆ ತುರುಕಿ, ಉಳಿದ ರೋಲನ್ನು ಮೂಲೆಯಲ್ಲಿ ನಿಲ್ಲಿಸಿ ಹಳೆಯ ಬೆಡ್‌ಶೀಟ್ ಹೊದೆಸಿಬಿಡುತ್ತಿದ್ದೆ. ಅದೇನೆಂದು ಅವನು ಕೇಳಿದರೆ "ಏನಿಲ್ಲ, ಹಳೇ ಸ್ಟಾಕು" ಎನ್ನುತ್ತಿದ್ದೆ. ನನ್ನ ಈ ಜಾಣತನವೇ ನನಗೆ ಮುಳುವಾಯಿತು.

ತಾವು ಹದಿನಾಲ್ಕೂವರೆ ಇಂಚಿಗೆ ಬೆಳೆದ ಆ ವಾರದ ಶುಕ್ರವಾರ ನಾನೂ ನನ್ನ ಗಂಡ ವಿಲ್ಸನ್‌ರೂ ಇಗರ್ಜಿಗೆ ಹೋಗಿದ್ದೆವು. ಈ ದೇಶದಲ್ಲಿ ರಜೆ ಶುಕ್ರವಾರವಾದ್ದರಿಂದ ನಮ್ಮ ಭಾನುವಾರದ ಪೂಜೆಯೂ ಶುಕ್ರವಾರವೇ. ನಾನು ಅಲ್ಲಿ ಮೊಣಕಾಲೂರಿ ತಮ್ಮ ಉದ್ದ ಇನ್ನು ಬದಲಾಗದಿರಲೆಂದು ಬೇಡಿಕೊಳ್ಳುತ್ತಿದ್ದಾಗ, ಇತ್ತ ರಯಾನ್ ಸಹಾಯ ಮಾಡುವ ಒಳ್ಳೆಯ ಮನಸ್ಸಿನಿಂದ ಕಾರ್ಖಾನೆಗೆ ಬಂದ. ಸ್ಯಾಟಿನ್ ಇಲ್ಲವೆಂದು ಅಲೀಮ್ ಸಾಹೇಬರು ತಲೆಮೇಲೆ ಕೈಹೊತ್ತು ಕುಳಿತಿದ್ದರು. ಅವರಿಗೆ ಗೌನಿನ ವಿಷಯ ಗೊತ್ತು, ಗೌನಿನ ರೋಲು ಯಾವ ಮೂಲೆಯಲ್ಲಿದೆ ಎಂದು ಗೊತ್ತಿಲ್ಲ. ರಯಾನ್‌ಗೆ ಮೂಲೆ ಗೊತ್ತು, ಗೌನು ಗೊತ್ತಿಲ್ಲ. ಬೆಡ್‌ಶೀಟ್ ಎತ್ತಿ ನೋಡಿದ. ಹಳೇ ಸ್ಟಾಕು, ಅದೇ ಬಣ್ಣ. ರೋಲನ್ನು ಹೆಗಲಿಗೇರಿಸಿಕೊಂಡು ಹೋಗಿ ಮೇಜಿನ ಮೇಲೆ ಹಾಸಿಯೇಬಿಟ್ಟ. ಪೂಜೆ ಮುಗಿಸಿ ಹೊರಗೆ ಬಂದು ಫೋನು ತೆರೆದರೆ ಅವನ ಖುಷಿಯ ದನಿ: "ಆಂಟಿ, ಪ್ರಾಬ್ಲಮ್ ಸಾಲ್ವ್ಡ್! ಮಾಫಿ ಟೆನ್ಶನ್, ಟೆನ್ಶನೇ ಬೇಡ! ನಿಮ್ಮ ಓಲ್ಡ್ ಸ್ಟಾಕ್ ಸಿಕ್ಕಿತು, ಇಪ್ಪತ್ತೂ ಬಾಕ್ಸ್ ಆಯ್ತು!"

ಮಾನ್ಯರೇ, ಪ್ರಪಂಚದಲ್ಲಿ ಎಷ್ಟೋ ಮದುಮಗಂದಿರು ಮದುಮಗಳ ಗೌನನ್ನು ಮೆಟ್ಟಿ ಹರಿದಿರಬಹುದು, ಅದರ ಮೇಲೆ ವೈನು ಚೆಲ್ಲಿರಬಹುದು. ತನ್ನ ಹೆಂಡತಿಯಾಗುವವಳ ಗೌನನ್ನು ಮದುವೆಗೆ ಮೊದಲೇ ಕೋವಿಗೆ ಹೊದೆಸಿದವನು ನನ್ನ ಅಳಿಯನೊಬ್ಬನೇ ಇರಬೇಕು. ಕಾರ್ಖಾನೆಗೆ ಓಡಿಬಂದು ನೋಡಿದರೆ ರಟ್ಟಿನ ಕೊಳವೆ ಮಾತ್ರ ಮೂಲೆಯಲ್ಲಿ ನಿಂತಿತ್ತು, ಬೆಡ್‌ಶೀಟನ್ನು ಮಾತ್ರ ಅವನು ಅಚ್ಚುಕಟ್ಟಾಗಿ ಮಡಚಿಟ್ಟಿದ್ದ. ನಾನು ಸ್ಟೂಲಿನ ಮೇಲೆ ಕುಳಿತು ಗಟ್ಟಿಯಾಗಿ ಅತ್ತೆ. ನಾಚಿಕೆಯೇನಿಲ್ಲ, ಅತ್ತಿದ್ದು ನಿಜ.

ಹೇಳಿದರೆ ಅವನಿಗೆ ಗೌನಿನ ಬಟ್ಟೆ ತಿಳಿಯುತ್ತದೆ, ಬೆನೆಡಿಕ್ಟಾ ಬಾಯಿ ಅಪಶಕುನವೆಂದು ಎದೆ ಬಡಿದುಕೊಳ್ಳುತ್ತಾರೆ, ಅದಕ್ಕಿಂತ ಹೆಚ್ಚಾಗಿ ಆ ಹುಡುಗ ಮದುವೆಯ ದಿನವಿಡೀ ಮುಖ ಎತ್ತಲಾರ. ಹೇಳದಿದ್ದರೆ ಮೆಲಿಸ್ಸಾ ಅರ್ಧ ಗೌನಿನಲ್ಲಿ ಅಲ್ತಾರಿನ ಮುಂದೆ ನಿಲ್ಲಬೇಕು. ವಿಲ್ಸನ್‌ರು ಆಸ್ಪತ್ರೆಯೊಂದರ ಔಷಧಿ ಉಗ್ರಾಣದಲ್ಲಿರುವವರು, ಒಂದು ಮಾತ್ರೆ ಇಲ್ಲದಿದ್ದರೆ ಇನ್ನೊಂದು ಕಂಪನಿಯದ್ದು ಕೊಡುವ ಅಭ್ಯಾಸ. "ಬೇರೆ ಬಟ್ಟೆ ತಂದ್ರಾಯ್ತಪ್ಪ, ಬಿಳಿ ಬಿಳಿಯೇ ಅಲ್ವಾ?" ಎಂದರು. ಬಿಳಿ ಬಿಳಿಯಲ್ಲ ಎಂದು ಗಂಡಸರಿಗೆ ಅರ್ಥ ಮಾಡಿಸಲು ನನ್ನಿಂದ ಈ ಜನ್ಮದಲ್ಲಿ ಆಗಿಲ್ಲ. ಹೊಸ ಲಾಟಿನ ಸ್ಯಾಟಿನನ್ನು ಮೇಲ್ಭಾಗದ ಪಕ್ಕದಲ್ಲಿಟ್ಟರೆ ಒಂದು ಹಾಲು, ಇನ್ನೊಂದು ಹುಳಿ ಮಜ್ಜಿಗೆ. ಮೆಲಿಸ್ಸಾಳನ್ನು ಕೇಳಿದರೆ ಅವಳು ಕಣ್ಣು ಮಿಟುಕಿಸದೆ, "ಮಮ್ಮಿ, ಚಿಲ್. ನೀ-ಲೆಂಗ್ತ್ ಗೌನ್ ಈಸ್ ಇನ್ ಫ್ಯಾಶನ್" ಎಂದಳು. ನನಗೆ ಸಮಾಧಾನವಾಗಲೆಂದು ಹಾಗೆ ಹೇಳಿದ್ದೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಆ ಸಂಜೆ ಬಾತ್‌ರೂಮಿನಿಂದ ಅವಳು ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ತಾವು ಹದಿನಾಲ್ಕೂವರೆ ಇಂಚಿಗೆ ಬೆಳೆದದ್ದಕ್ಕೆ ನನ್ನ ಮಗಳ ಗೌನು ಮೊಣಕಾಲಿಗೆ ಬಂದು ನಿಂತಿತು.

ಮರುದಿನ ಬೆಳಿಗ್ಗೆ ರಯಾನ್ ಇನ್ನೊಂದು ಸುದ್ದಿ ತಂದ. ಕಾರಿನ ಬಾಗಿಲಿಗೆ ತಾಗುತ್ತದೆಂದು ಬ್ರಿಟಿಷ್ ಸಾಹೇಬರು ಮುನಿಸಿಕೊಂಡಿದ್ದಾರೆ, ಎಂಜಿನಿಯರು ನಡುವಿನ ಹನ್ನೊಂದೂವರೆಗೆ ಒಪ್ಪುತ್ತಾರಂತೆ, ಮಾರಾಟದವರು ಮಾತ್ರ ಗಿಡ್ಡ ಕಾಣುತ್ತದೆಂದು ಹಟ ಹಿಡಿದಿದ್ದಾರೆ, ಸಭೆ ಮತ್ತೆ ಇದೆ ಎಂದು. ಇಷ್ಟು ದಿನ ಇಂಥ ಸುದ್ದಿ ಕೇಳಿದರೆ ನನಗೆ ಜ್ವರ ಬರುತ್ತಿತ್ತು. ಆ ದಿನ ಕೇಳಿದ ಕೂಡಲೇ ತಲೆಯಲ್ಲಿ ದೀಪ ಹತ್ತಿತು. ನಳಿಗೆ ಗಿಡ್ಡವಾದರೆ ಹಾಸಿಗೆ ಬದಲಾಗುತ್ತದೆ. ಹಾಸಿಗೆ ಬದಲಾದರೆ ಸ್ಯಾಟಿನ್ ಹೊರಗೆ ಬರುತ್ತದೆ. ಆದರೆ ಅದೇ ಸ್ಯಾಟಿನನ್ನು ಮತ್ತೆ ಹಾಕಿ ಎನ್ನಬಾರದಲ್ಲ? ಪಕ್ಕದ ಬೀದಿಯಲ್ಲಿ ಅಬಾಯ ಎಂಬ ಕಪ್ಪು ನಿಲುವಂಗಿ ಹೊಲಿಯುವವರಿಂದ ಒಂದು ತುಂಡು ಕಪ್ಪು ಮಖಮಲ್ಲು ಕೇಳಿ ತಂದು, ಒಂದೇ ಒಂದು ಪೆಟ್ಟಿಗೆಯನ್ನು ಹನ್ನೊಂದೂವರೆಗೆ ತಯಾರು ಮಾಡಿ, "ನಾನೂ ಬರ್ತೇನೆ ಸಾಹೇಬ್ರೇ" ಎಂದು ಅಲೀಮ್ ಸಾಹೇಬರ ಕಾರಿನಲ್ಲಿ ಹತ್ತಿ ಕುಳಿತೆ. ದಾರಿಯುದ್ದಕ್ಕೂ ತೇರ್ಸಿನ ಜಪಮಾಲೆಯ ಮಣಿ ಎಣಿಸಿದೆ. ಕೋವಿಯೊಂದರ ಉದ್ದಕ್ಕಾಗಿ ಮಾತೆ ಮರಿಯಮ್ಮನನ್ನು ತೊಂದರೆಪಡಿಸಿದವಳು ಬಹುಶಃ ನಾನೇ ಮೊದಲಿಗಳು.

ಸಿಲಿಕಾನ್ ಓಯಸಿಸ್‌ನ ಆ ತಣ್ಣನೆಯ ಕೋಣೆಯಲ್ಲಿ ಮೂವರೂ ಮುಖ ಊದಿಸಿಕೊಂಡು ಕುಳಿತಿದ್ದರು. ನಾನು ಪೆಟ್ಟಿಗೆ ತೆರೆದು, ಪ್ಲಾಸ್ಟಿಕ್ ಕೋವಿಯನ್ನು ಮಲಗಿಸಿ, ನನಗೆ ಬರುವ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ, ಕೈಬಾಯಿಯಲ್ಲಿ ವಿವರಿಸಿದೆ. ಬಿಳಿ ಬಟ್ಟೆ ಎಲ್ಲವನ್ನೂ ಗಿಡ್ಡ ಮಾಡಿ ತೋರಿಸುತ್ತದೆ, ಕಪ್ಪು ಉದ್ದ ಮಾಡಿ ತೋರಿಸುತ್ತದೆ, ಇದು ಹೊಲಿಗೆಯವರಿಗೆಲ್ಲ ಗೊತ್ತಿರುವ ಸಂಗತಿ, ಕಪ್ಪಿನಲ್ಲಿ ಹನ್ನೊಂದೂವರೆ ಎಂದರೆ ಬಿಳಿಯಲ್ಲಿ ಹದಿನಾಲ್ಕೂವರೆ ಎಂದೆ. ಸುಳ್ಳೋ ನಿಜವೋ ನನಗೇ ಗೊತ್ತಿಲ್ಲ. ದಪ್ಪಗಿನ ಗಿರಾಕಿಗಳಿಗೆ ಕಪ್ಪು ಬಟ್ಟೆ ದಾಟಿಸಲು ನಾವು ಹೇಳುವ ಮಾತನ್ನೇ ಸ್ವಲ್ಪ ಎಳೆದೆ, ಅಷ್ಟೆ. ಮಾರಾಟದವರು ಬಗ್ಗಿ ನೋಡಿದರು. ಎಂಜಿನಿಯರು ಕನ್ನಡಕ ತೆಗೆದು ಒರೆಸಿ ನೋಡಿದರು. ತಾವು ಕಪ್ಪು, ಮಖಮಲ್ಲೂ ಕಪ್ಪು. ತಾವು ಎಲ್ಲಿ ಮುಗಿಯುತ್ತೀರಿ, ಬಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದು ಯಾರ ಕಣ್ಣಿಗೂ ಕಾಣಲಿಲ್ಲ. ಕಾಣದ ಉದ್ದದ ಬಗ್ಗೆ ಜಗಳವಾಡುವುದು ಹೇಗೆ? ಮಾರಾಟದವರು "ಮಚ್ ಲಾಂಗರ್" ಎಂದು ತಲೆದೂಗಿದರು, ಬ್ರಿಟಿಷ್ ಸಾಹೇಬರು ಕಾರಿನಲ್ಲಿ ಹಿಡಿಸುತ್ತದಲ್ಲ ಎಂದು ಸಮಾಧಾನಪಟ್ಟರು, ಅಲೀಮ್ ಸಾಹೇಬರು "ಯಲ್ಲಾ, ಖಲಾಸ್!" ಎಂದು ಪೆಟ್ಟಿಗೆ ಮುಚ್ಚಿಯೇಬಿಟ್ಟರು. ಹೊರಗೆ ಬಂದ ಮೇಲೆ ಅವರು ನನ್ನ ಮುಖ ನೋಡಿ, "ಬಾಯಮ್ಮ, ಆ ಹಳೇ ಸ್ಯಾಟಿನ್ ನಮ್ಗೆ ಬೇಡ ಅಲ್ವಾ? ನೀವೇ ತಕ್ಕೊಂಡು ಹೋಗಿ, ಮಗಳ ಮದುವೆ ಉಂಟಲ್ಲ" ಎಂದರು. ಅವರಿಗೆ ಎಲ್ಲ ಅರ್ಥವಾಗಿತ್ತೋ ಏನೋ, ನಾನು ಕೇಳಲು ಹೋಗಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಕೆಲಸವನ್ನು ಯಾವ ಸಮಿತಿಯೂ ಮಾಡಲಾರದು. ಇಪ್ಪತ್ತು ಹಾಸಿಗೆಗಳಿಂದ ಸ್ಟೇಪ್ಲರ್ ಪಿನ್ನುಗಳನ್ನು ಒಂದೊಂದಾಗಿ ಕಿತ್ತೆ, ಹರಿದ ಅಂಚುಗಳನ್ನು ತೆಗೆದೆ, ಹಬೆಯ ಇಸ್ತ್ರಿ ಹಿಡಿದು ಸುಕ್ಕು ಬಿಡಿಸಿದೆ, ಉದ್ದುದ್ದ ಪಟ್ಟಿಗಳಾಗಿ ಜೋಡಿಸಿ ಸೊಂಟದಿಂದ ನೆಲದವರೆಗೆ ಇಳಿಬಿಟ್ಟೆ. ಹಿಂದೆ ಎಳೆದುಕೊಂಡು ಹೋಗಲು ಒಂದು ಬಾಲವೂ ಆಯಿತು. ಪ್ಲಾಸ್ಟಿಕ್ ಕೋವಿ ಕಾಯಂ ಮಲಗಿರುತ್ತಿದ್ದ ಒಂದು ಹಾಸಿಗೆಯ ತುಂಡಿನಲ್ಲಿ ಮಾತ್ರ ತಮ್ಮ ಗುರುತು, ಒಂದು ಉದ್ದನೆಯ ತಗ್ಗು, ಎಷ್ಟು ಹಬೆ ಕೊಟ್ಟರೂ ಹೋಗಲಿಲ್ಲ. ಬೇರೆ ತುಂಡಿಲ್ಲದ್ದರಿಂದ ಅದನ್ನು ಬಾಲದ ತುತ್ತತುದಿಗೆ ಹಾಕಿದೆ.

ಪೆಟ್ಟಿಗೆಗಳನ್ನು ಒಪ್ಪಿಸಲು ಅಬುಧಾಬಿಗೆ ಹೋದ ದಿನ ತಮ್ಮನ್ನು ಮೊದಲ ಬಾರಿ ನಿಜ ರೂಪದಲ್ಲಿ ಕಂಡೆ. ಇಷ್ಟೆಲ್ಲ ಗಲಾಟೆ ಎಬ್ಬಿಸಿದವರು ನನ್ನ ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದವಿದ್ದಿರಿ. ನಗು ಬರಬೇಕಿತ್ತು, ಬರಲಿಲ್ಲ. ಅಲ್ಲಿ ಯಾರೂ ತಾವು ಯಾರ ಕಡೆಗೆ ತಿರುಗುತ್ತೀರೆಂದು ಮಾತಾಡುತ್ತಿರಲಿಲ್ಲ, ಎಲ್ಲರೂ ಉದ್ದದ ಮಾತೇ ಆಡುತ್ತಿದ್ದರು. ನಾನು ರಶೀದಿಗೆ ಸಹಿ ಹಾಕಿಸಿಕೊಂಡು ಬೇಗ ಹೊರಟುಬಂದೆ.

ಶುಕ್ರವಾರ ಗಂಡಿನ ಕಡೆಯವರ ಮುಸಫ್ಫಾದ ಇಗರ್ಜಿಯಲ್ಲಿ ಮದುವೆ ಸುಸೂತ್ರವಾಗಿ ನಡೆಯಿತು. ಮೆಲಿಸ್ಸಾ ಅಪ್ಪನ ತೋಳು ಹಿಡಿದು ಬರುತ್ತಿದ್ದರೆ ಗೌನು ನೆಲ ಮುಟ್ಟಿ, ಸರಿದು, ಹಿಂದೆ ಹರಿದುಕೊಂಡು ಬರುತ್ತಿತ್ತು. ಅವಳು ನನ್ನನ್ನು ದಾಟುವಾಗ ಗೌನಿನ ತುದಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ನಕ್ಕಳು. ನನಗೆ ಅಷ್ಟು ಸಾಕಾಗಿತ್ತು, ಮತ್ತೆ ಪೂಜೆಯಲ್ಲಿ ಏನು ಓದಿದರೆಂದು ನನಗೆ ನೆನಪಿಲ್ಲ. ಬೆನೆಡಿಕ್ಟಾ ಬಾಯಿ ಹೊರಗೆ ಬಂದವರೇ ಆ ಉದ್ದನೆಯ ಗೆರೆಗಳ ಮೇಲೆ ಕೈಯಾಡಿಸಿ, "ಇದು ಯಾವ ಡಿಸೈನರ್‌ದು?" ಎಂದು ಕೇಳಿದರು. ಮೂರು ಜನ ಸೇರಿ ಮಾಡಿದ್ದು ಎಂದೆ. ರಯಾನ್ ಮಾತ್ರ ಬಾಲದ ತುದಿಯನ್ನೇ ಬಹಳ ಹೊತ್ತು ನೋಡುತ್ತಿದ್ದು, "ಆಂಟಿ, ಈ ಶೇಪ್ ಎಲ್ಲೋ ನೋಡಿದ ಹಾಗೆ ಉಂಟು" ಎಂದ. ನಾನು ಅವನ ಬಾಯಿಗೆ ದೊಡ್ಡದೊಂದು ಕೇಕಿನ ತುಂಡು ಇಟ್ಟೆ.

ಆದ್ದರಿಂದ ಮಾನ್ಯರೇ, ತಮ್ಮ ಮೇಲೆ ನನಗೆ ಸಿಟ್ಟಿಲ್ಲ, ಕೃತಜ್ಞತೆಯೇ ಇದೆ. ತಾವು ಅಷ್ಟು ಸಲ ಬದಲಾಗದಿದ್ದರೆ ನನ್ನ ಮಗಳಿಗೆ ಎಲ್ಲರಿಗೂ ಇರುವಂಥ ಗೌನೇ ಆಗುತ್ತಿತ್ತು. ಆದರೂ ಸಣ್ಣ ಕೋರಿಕೆಗಳಿವೆ, ಸಮಿತಿಯವರ ಗಮನಕ್ಕೆ ತರಬೇಕಾಗಿ ವಿನಂತಿ. ಇನ್ನು ಮುಂದೆ ತಾವು ಬೆಳೆಯುವುದಾದರೆ ಮಕ್ಕಳಂತೆ ವರ್ಷಕ್ಕೊಮ್ಮೆ, ಶಾಲೆ ತೆರೆಯುವ ಸಮಯಕ್ಕೆ ಬೆಳೆಯಿರಿ, ನಾವು ಅಂಚು ಬಿಚ್ಚಿ ಕೊಡುತ್ತೇವೆ. ತಪಸ್ಸುಕಾಲದ ಹಿಂದಿನ ವಾರಗಳಲ್ಲಿ ದಯವಿಟ್ಟು ಎಲ್ಲಿದ್ದೀರೋ ಅಲ್ಲೇ ಇರಿ. ಮತ್ತು ಸರಿಯಾದ ಉದ್ದ ಯಾವುದೆಂದು ಮೂವರಿಗೂ ಇನ್ನೂ ತೋಚದಿದ್ದರೆ, ಇಷ್ಟು ವರ್ಷ ಅಳತೆ ತೆಗೆದವಳಾಗಿ ನನ್ನದೂ ಒಂದು ಸಲಹೆ: ಸೊನ್ನೆ ಇಂಚು. ಕಾರಿನ ಬಾಗಿಲಿಗೆ ತಾಗುವುದಿಲ್ಲ, ತುದಿಯಲ್ಲಿ ಬೆಂಕಿ ಬರುವುದಿಲ್ಲ, ಬ್ಯಾನರಿನಲ್ಲಿ ಗಿಡ್ಡವೆಂದು ಯಾರೂ ಹೇಳುವಂತಿಲ್ಲ. ಯಾರ ಮಗನಿಗೂ, ಯಾರ ಮಗಳಿಗೂ ನೋವಾಗುವುದಿಲ್ಲ. ಆ ಅಳತೆಗೆ ನಾನು ಎಷ್ಟು ಪೆಟ್ಟಿಗೆ ಬೇಕಾದರೂ ಸಂತೋಷದಿಂದ ಮಾಡಿಕೊಡುತ್ತೇನೆ.

ಇಂತು, ತಮ್ಮ ಬದಿಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ತೆರೆಸಾ
ಕಟಿಂಗ್ ಮಾಸ್ಟರ್, ರಾಸ್ ಅಲ್ ಖೋರ್

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ರಯಾನ್‌ನ ಫೋನು ಬಂತು. ಪ್ರದರ್ಶನದಲ್ಲಿ ತಮ್ಮನ್ನು ಮೆಚ್ಚಿದ ಗಿರಾಕಿಗಳು ಕಪ್ಪು ಪೆಟ್ಟಿಗೆಯಲ್ಲಿ ಏನೂ ಕಾಣುವುದಿಲ್ಲ ಎಂದು ದೂರಿದ್ದಾರಂತೆ, ಸಮಿತಿ ಮತ್ತೆ ಸೇರಿ ಹದಿನಾಲ್ಕೂವರೆ ಎಂದು ತೀರ್ಮಾನಿಸಿದೆಯಂತೆ, ಖಲಾಸ್ ಅಂತೆ. ಈಗ ಅಳಿಯನಾಗಿರುವುದರಿಂದ ಅವನು ಬಹಳ ಪ್ರೀತಿಯಿಂದ, "ಮಮ್ಮಿ, ನಿಮ್ಮ ಆ ಓಲ್ಡ್ ಸ್ಟಾಕ್ ವೈಟ್ ಸ್ಯಾಟಿನ್ ಇನ್ನೂ ಉಂಟಾ?" ಎಂದು ಕೇಳಿದ. ಉಂಟು ಮಗಾ, ಎಲ್ಲಾ ಉಂಟು, ನಿನ್ನ ಮನೆಯಲ್ಲೇ ನಿನ್ನ ಹೆಂಡತಿಯ ಕಪಾಟಿನಲ್ಲಿ ನೇತಾಡ್ತಾ ಉಂಟು, ಕತ್ತರಿ ಹಿಡ್ಕೊಂಡು ಹೋಗಿ ಅವಳನ್ನೇ ಕೇಳು ಎಂದೆ.